ಬೀರೂರಿಗೂ ಸ್ಪಿತಿಗೂ ಒಂದೇ ನೆರಳು

ಮುಂಗಾರಿನ ದಿನಗಳಲ್ಲಿ ಬೀರೂರಿನ ಬಯಲಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಯಾರಿಗಾದರೂ ಸಣ್ಣಗೆ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿ ಚಂದ್ರದ್ರೋಣ ಪರ್ವತದ ನೆತ್ತಿ ಮೋಡದಲ್ಲಿ ಮುಳುಗಿರುತ್ತದೆ. ಇಲ್ಲಿ ಗಾಳಿ ಬೀಸುತ್ತದೆ, ಮೋಡ ಓಡುತ್ತದೆ, ನಾಲ್ಕು ಹನಿ ಉದುರುತ್ತದೆ, ಅಲ್ಲಿಗೆ ಮುಗಿಯಿತು. ಬೀರೂರಿನಿಂದ ಶೃಂಗೇರಿಗೆ ನೇರ ಗೆರೆ ಎಳೆದರೆ ಎಂಬತ್ತು ಕಿಲೋಮೀಟರ್ ಆಸುಪಾಸು. ಕಡೂರು-ಬೀರೂರಿನ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಶೃಂಗೇರಿಯಲ್ಲಿ ಅದರ ಐದಾರು ಪಟ್ಟು. ಒಂದೇ ಜಿಲ್ಲೆ, ಒಂದೇ ಮುಂಗಾರು, ಆದರೂ ಇಷ್ಟು ಅಂತರ.

ಈಚೆಗೆ ನಮ್ಮ ಕಡೆಯಿಂದ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಪ್ರವಾಸ ಹೋಗುವವರು ಹೆಚ್ಚಿದ್ದಾರೆ. ಬಂಡೆಯ ತುದಿಗೆ ಅಂಟಿಕೊಂಡಂತಿರುವ ಬೌದ್ಧ ಗೊಂಪಾಗಳು, ಒಂದು ಹುಲ್ಲುಕಡ್ಡಿಯೂ ಇಲ್ಲದ ಬೂದು-ಕಂದು ಬೆಟ್ಟಗಳು, ಅವುಗಳ ಮೇಲೆ ಕಡುನೀಲಿ ಆಕಾಶ. ಚಿತ್ರ ನೋಡಿದವರು ‘ಬೇರೆ ಗ್ರಹದ ಹಾಗಿದೆ’ ಎನ್ನುತ್ತಾರೆ. ನನಗೇನೋ ಹಾಗೆ ಅನ್ನಿಸುವುದಿಲ್ಲ. ಬೀರೂರನ್ನು ಒಣಗಿಸಿದ ಕಾರಣವೇ ಸ್ಪಿತಿಯನ್ನೂ ಒಣಗಿಸಿದೆ. ಎರಡೂ ಬೆಟ್ಟದ ಬೆನ್ನ ಹಿಂದೆ ಕೂತಿರುವ, ಮಳೆನೆರಳಿನ ನಾಡುಗಳು.

ಗಾಳಿ ಬೆಟ್ಟವನ್ನು ಹತ್ತುವಾಗ ಮೇಲಿನ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ತಣ್ಣನೆಯ ಗಾಳಿಯಲ್ಲಿ ಆವಿಯಾಗಿ ಉಳಿಯಬಲ್ಲ ನೀರು ಕಡಿಮೆ. ಹೆಚ್ಚಾದದ್ದು ಮೋಡವಾಗಿ, ಹನಿಯಾಗಿ ಬೀಳುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಎನ್ನಬಹುದು, ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಆವಿ ನೀರಾಗುವಾಗ ತನ್ನೊಳಗಿನ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಮೋಡದೊಳಗೆ ಏರುವ ಗಾಳಿ ಒಂದು ಕಿಲೋಮೀಟರಿಗೆ ಐದಾರು ಡಿಗ್ರಿಯಷ್ಟೇ ತಂಪಾಗುತ್ತದೆ. ನೀರನ್ನು ಕಳೆದುಕೊಂಡು ಬೆಟ್ಟದ ಆಚೆ ಇಳಿಯುವಾಗ ಮಾತ್ರ ಕಿಲೋಮೀಟರಿಗೆ ಹತ್ತಿರಹತ್ತಿರ ಹತ್ತು ಡಿಗ್ರಿ ಬಿಸಿಯೇರುತ್ತದೆ. ಅಂದರೆ ಹತ್ತಿದ ಗಾಳಿಗಿಂತ ಇಳಿದ ಗಾಳಿ ಒಣಕಲಷ್ಟೇ ಅಲ್ಲ, ಬೆಚ್ಚಗೂ ಇರುತ್ತದೆ. ಉಳಿದಿದ್ದ ಚೂರುಪಾರು ಮೋಡವನ್ನೂ ಅದು ಕರಗಿಸುತ್ತದೆ. ಬೀರೂರಿನ ಮೇಲೆ ಮೋಡ ಬಂದೂ ಮಳೆಯಾಗದಿರುವುದು ಇದರಿಂದಲೇ.

ನಮ್ಮ ಪಾಲಿಗೆ ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಆಗುಂಬೆ, ಶೃಂಗೇರಿಯ ಘಟ್ಟದಂಚು ದೊಡ್ಡ ಪಾಲನ್ನು ಕಿತ್ತುಕೊಳ್ಳುತ್ತದೆ. ಮಿಕ್ಕಿದ್ದಕ್ಕೆ ಕುದುರೆ ಲಾಳದ ಆಕಾರದ ಚಂದ್ರದ್ರೋಣ ಸಾಲು ಅಡ್ಡ ನಿಂತಿದೆ. ಲಾಳದ ಹೊಟ್ಟೆಯೊಳಗಿನ ಜಾಗರ ಕಣಿವೆಗೆ ಮಳೆ ಸಿಗುತ್ತದೆ, ಕಾಫಿ ಬೆಳೆಯುತ್ತದೆ, ಸೋಮವಾಹಿನಿ ಹರಿದು ಭದ್ರೆಗೆ ಸೇರುತ್ತದೆ. ಲಾಳದ ಹೊರಗೆ, ಮೂಡಣಕ್ಕೆ ಇಳಿದರೆ ತೆಂಗು, ರಾಗಿ, ಅಮೃತ್‌ಮಹಲ್ ದನಗಳ ಕಾವಲು.

ಸ್ಪಿತಿಯಲ್ಲಿ ಇದೇ ಆಟ ದೊಡ್ಡ ಅಳತೆಯಲ್ಲಿ ನಡೆಯುತ್ತದೆ. ಹಿಮಾಲಯದ ತೆಂಕಣ ಮಗ್ಗುಲಿನ ಧರ್ಮಶಾಲಾದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಹತ್ತಿರ ಮಳೆ. ಹಿಮಶಿಖರಗಳ ಸಾಲನ್ನು ದಾಟಿ ಸ್ಪಿತಿಗೆ ಇಳಿದರೆ 200 ಮಿಲಿಮೀಟರ್ ಬಿದ್ದರೂ ದೊಡ್ಡದು. ಇಷ್ಟಾದರೂ ಎರಡೂ ನಾಡುಗಳು ಪೂರ್ತಿ ಬರಡಾಗಿಲ್ಲ, ಏಕೆಂದರೆ ಬೆಟ್ಟ ಒಂದು ದಿಕ್ಕಿಗೆ ಮಾತ್ರ ಅಡ್ಡ. ನಮ್ಮ ಕಡೆಯ ರೈತರು ಸೆಪ್ಟೆಂಬರ್, ಅಕ್ಟೋಬರಿನ ಗುಡುಗು ಮಳೆಯನ್ನು, ಮೂಡಣದಿಂದ ಬರುವ ಹಿಂಗಾರನ್ನು ನೆಚ್ಚುತ್ತಾರೆ. ಸ್ಪಿತಿಗೆ ನೀರು ಬರುವುದು ಚಳಿಗಾಲದಲ್ಲಿ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಬರುವ ವಾಯುಭಾರದ ಏರುಪೇರುಗಳ ಜೊತೆ, ಹಿಮವಾಗಿ.

ಮಳೆ ಎಷ್ಟೆಂಬುದನ್ನು ಮಾಪಕವಿಲ್ಲದೆ ತಿಳಿಯಬೇಕೆಂದರೆ ಮನೆಯ ಸೂರು ನೋಡಬೇಕು. ಕೊಪ್ಪ, ಶೃಂಗೇರಿಯ ಹಳೆಯ ಮನೆಗಳಿಗೆ ಕಡಿದಾದ ಹೆಂಚಿನ ಮಾಡು. ನೀರು ಒಂದು ಗಳಿಗೆಯೂ ನಿಲ್ಲಕೂಡದು. ಚಿತ್ರದುರ್ಗದ ದಿಕ್ಕಿಗೆ ಹೋದಂತೆ ಮಣ್ಣು ಹೊದಿಸಿದ ಮಟ್ಟಸವಾದ ಮಾಳಿಗೆ ಮನೆಗಳು ಶುರುವಾಗುತ್ತವೆ. ಸ್ಪಿತಿಯ ಮನೆಗಳೂ, ಗೊಂಪಾಗಳೂ ಮಾಳಿಗೆಯವೇ. ಮಣ್ಣಿನ ಗೋಡೆ, ಮಣ್ಣಿನ ತಾರಸಿ, ಅದರ ಮೇಲೆ ಚಳಿಗಾಲಕ್ಕೆಂದು ಒಟ್ಟಿದ ಸೌದೆ. ಅಲ್ಲಿನ ತಾಬೋ ವಿಹಾರ ಕಟ್ಟಿದ್ದು ಕ್ರಿ.ಶ. 996ರಲ್ಲಿ, ಇಲ್ಲಿ ರನ್ನ ಕಾವ್ಯ ಬರೆಯುತ್ತಿದ್ದ ಕಾಲದಲ್ಲಿ. ಹೊರಗಿನಿಂದ ನೋಡಿದರೆ ಸಾದಾ ಮಣ್ಣಿನ ಗೋಡೆಗಳು. ಒಳಗೆ ಸಾವಿರ ವರ್ಷ ಹಳೆಯ ಬಣ್ಣದ ಭಿತ್ತಿಚಿತ್ರಗಳು, ಜೇಡಿಯಲ್ಲಿ ಮಾಡಿದ ಮೂರ್ತಿಗಳು. ಭಕ್ತಿಯಿಂದ ಕಾಪಾಡಿದರು ಎನ್ನುವುದು ನಿಜ. ಆದರೆ ಮಳೆನೆರಳು ಇಲ್ಲದಿದ್ದರೆ ಆ ಭಕ್ತಿಗೆ ಕಾಪಾಡಲು ಏನೂ ಉಳಿಯುತ್ತಿರಲಿಲ್ಲ. ಅದೇ ವಿಹಾರವನ್ನು ಆಗುಂಬೆಯಲ್ಲಿ ಕಟ್ಟಿದ್ದರೆ ನಾಲ್ಕು ಮಳೆಗಾಲ ಕಳೆಯುವುದೂ ಕಷ್ಟವಿತ್ತು. ಈಗ ಸ್ಪಿತಿಯಲ್ಲಿ ಹಿಮ ಬೀಳಬೇಕಾದ ಹೊತ್ತಿಗೆ ಮಳೆ ಬಿದ್ದರೆ ಸಂರಕ್ಷಕರಿಗೆ ಚಿಂತೆ ಹತ್ತುವುದು ಈ ಕಾರಣಕ್ಕೇ.

(ಗೊಂಪಾ ನೋಡುವುದಷ್ಟೇ ಆಸೆಯಾದರೆ ಅಷ್ಟು ದೂರ ಹೋಗಬೇಕಿಲ್ಲ. 1960ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದ ಬೈಲಕುಪ್ಪೆ, ಮುಂಡಗೋಡುಗಳು ಇಲ್ಲೇ ಇವೆ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರ ಶುರುವಾದದ್ದು 1963ರಲ್ಲಿ. ಅಲ್ಲಿನ ಚಿನ್ನದ ಬಣ್ಣದ ಬುದ್ಧನನ್ನು ನೋಡಲು ರಜೆಯ ದಿನ ಜನಜಾತ್ರೆ.)

ಇನ್ನು ನೋಟದ ಮಾತು. ಬೀರೂರಿನಿಂದ ಚಂದ್ರದ್ರೋಣ ಸಾಲಿನ ಮುಳ್ಳಯ್ಯನಗಿರಿ ನೇರ ದೂರದಲ್ಲಿ ಸುಮಾರು 35 ಕಿಲೋಮೀಟರ್. ನಡುವಿನ ಗಾಳಿಯ ಅಣುಗಳು ಬಿಸಿಲಿನ ನೀಲಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತವೆ, ಅದಕ್ಕೆ ದೂರದ ಗಿರಿ ನೀಲಿ. ಅದರ ಜೊತೆಗೆ ಧೂಳು, ತೇವ, ಹೊಗೆ ಸೇರಿ ಮಸುಕು. ಸ್ಪಿತಿಯಲ್ಲಿ ಗಾಳಿಯೇ ತೆಳು, ತೇವವಂತೂ ಇಲ್ಲ. ಹತ್ತು ಕಿಲೋಮೀಟರ್ ದೂರದ ಬಂಡೆಯ ಬಿರುಕೂ ಎಣಿಸುವಷ್ಟು ಸ್ಪಷ್ಟ. ಮಸುಕನ್ನು ನೋಡಿ ದೂರ ಅಳೆಯುವುದು ನಮ್ಮ ಕಣ್ಣಿನ ರೂಢಿಯಾದ್ದರಿಂದ ಅಲ್ಲಿ ಲೆಕ್ಕ ತಪ್ಪುತ್ತದೆ: ‘ಇಲ್ಲೇ ಇದೆ’ ಎಂದು ಹೊರಟವರು ಅರ್ಧ ದಿನ ನಡೆಯುತ್ತಾರೆ. ಆದರೆ ಎಷ್ಟು ದೂರ ಕಾಣುತ್ತದೆ ಎಂಬ ಪಂದ್ಯದಲ್ಲಿ ಗೆಲ್ಲುವುದು ನಮ್ಮ ಗಿರಿಯೇ. 4,166 ಮೀಟರ್ ಎತ್ತರದ ಕೀ ಗೊಂಪಾದಿಂದ ನೋಡಿದರೆ ಎದುರು ಬೆಟ್ಟ ನೋಟವನ್ನು ತಡೆಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿ ಬಯಲಿಗಿಂತ ಒಂದು ಕಿಲೋಮೀಟರಿಗೂ ಮಿಕ್ಕಿ ಎದ್ದು ನಿಂತಿದೆ. ಭೂಮಿಯ ದುಂಡಗಿನ ಲೆಕ್ಕ ಹಿಡಿದರೆ ಮೂಡಣ ದಿಕ್ಕಿಗೆ ಅಲ್ಲಿಂದ ದಿಗಂತ 120 ಕಿಲೋಮೀಟರಿಗೂ ಆಚೆ. ಮಳೆ ಹೊಯ್ದು ಹೊಳವಾದ ಅಕ್ಟೋಬರಿನ ಬೆಳಗ್ಗೆ ಹೋಗಬೇಕು, ಮೇ ತಿಂಗಳ ವಾರಾಂತ್ಯದಲ್ಲಿ ಕಾರುಗಳ ಸಾಲಿನ ಹಿಂದೆ ಅಲ್ಲ.

ಹಿಮಾಲಯಕ್ಕೂ ನೀಲಗಿರಿಗೂ ನಡುವೆ ಮುಳ್ಳಯ್ಯನಗಿರಿಯಷ್ಟು ಎತ್ತರ ಬೇರಿಲ್ಲ ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಎತ್ತರಕ್ಕಿಂತ ದೊಡ್ಡ ಹೆಮ್ಮೆಗೆ ಕಾರಣ ವಯಸ್ಸು. ಚಂದ್ರದ್ರೋಣದ, ಅಂದರೆ ಬಾಬಾಬುಡನ್ ಸಾಲಿನ ಶಿಲೆಗಳು 290ರಿಂದ 270 ಕೋಟಿ ವರ್ಷ ಹಿಂದಿನವು. ಭಾರತದ ನೆಲ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ, ಮೊನ್ನೆ ಮೊನ್ನೆ. ಚಿಕ್ಕಮಗಳೂರು ಬಳಿಯ ಕರ್ತಿಕೆರೆಯಲ್ಲಿ ಈ ಶಿಲಾಸಮೂಹದ ಬುಡದ ಪದರವಿದೆ. ಯಾವುದೋ ಹಳೆಯ ಹೊಳೆ ಉರುಳಿಸಿ ತಂದ ಬೆಣಚುಕಲ್ಲಿನ ಉಂಡೆಗಳು ಒಟ್ಟಾಗಿ ಗಟ್ಟಿಯಾದ ಬಂಡೆ. ಅದರಲ್ಲಿ ಪೈರೈಟಿನ ಕಣಗಳೂ ಸಿಗುತ್ತವೆ. ಪೈರೈಟ್ ಎಂದರೆ ಕಬ್ಬಿಣ-ಗಂಧಕದ ಹಳದಿ ಹೊಳಪಿನ ಖನಿಜ. ಇವತ್ತಿನ ಹೊಳೆಯಲ್ಲಿ ಅದು ಹಾಗೆ ಉರುಳಿ ಬಂದರೆ ದಾರಿಯಲ್ಲೇ ತುಕ್ಕು ಹಿಡಿದು ಹೋಗುತ್ತದೆ. ಆಗ ಹಿಡಿಯಲಿಲ್ಲ. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು ಎನ್ನುವುದಕ್ಕೆ ಭೂವಿಜ್ಞಾನಿಗಳು ಕೊಡುವ ಸಾಕ್ಷ್ಯಗಳಲ್ಲಿ ಇಂಥ ಕಣಗಳೂ ಸೇರಿವೆ.

ಬುಡದಿಂದ ನೆತ್ತಿಗೆ ಹತ್ತಿದರೆ ಕಥೆ ಬದಲಾಗುತ್ತದೆ. ಮೇಲಿನ ಪದರಗಳಲ್ಲಿ ಕಬ್ಬಿಣದ ಅದಿರೂ ಬೆಣಚೂ ಪಟ್ಟೆಪಟ್ಟೆಯಾಗಿ ಕೂಡಿದ ಶಿಲೆ. ಆಗಿನ ಕಡಲಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಕಲಿತ ಸೂಕ್ಷ್ಮಜೀವಿಗಳು ಅಲ್ಲಲ್ಲಿ ಆಮ್ಲಜನಕ ಬಿಡತೊಡಗಿದಾಗ ಆ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ತಳಕ್ಕೆ ಕೂತಿತು ಎನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹೋದದ್ದು ಇದೇ ಕಬ್ಬಿಣ. 1923ರಲ್ಲಿ ಕುಲುಮೆ ಹೊತ್ತಿಕೊಂಡ ಮೇಲೆ ಅದಿರು ತೊಟ್ಟಿಲುಗಳಲ್ಲಿ ತಂತಿಯ ಮೇಲೆ ತೂಗಾಡುತ್ತ ಬೆಟ್ಟ ಇಳಿಯುತ್ತಿತ್ತು. ಈ ಪಟ್ಟೆಶಿಲೆ ಮಹಾ ಗಟ್ಟಿ. ಸುತ್ತಲಿನ ಮೆದು ಶಿಲೆ ಕೋಟ್ಯಂತರ ಮಳೆಗಾಲಗಳಲ್ಲಿ ಕರಗಿ ಹೋದರೂ ಇದು ನಿಂತಿತು. ಅಂದರೆ ನಮ್ಮ ಗಿರಿ ಎತ್ತರವಾಗಿರುವುದು ಬೆಳೆಯುತ್ತಿರುವುದರಿಂದಲ್ಲ, ಉಳಿದದ್ದರಿಂದ.

ಹಿಮಾಲಯ ಇನ್ನೂ ಬೆಳೆಯುತ್ತಿದೆ. ಭಾರತದ ನೆಲ ಉತ್ತರಕ್ಕೆ ನೂಕುವುದು ನಿಂತಿಲ್ಲ. ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಷ್ಟು ನೂಕನ್ನು ಹಿಮಾಲಯದ ಮಡಿಕೆಗಳೇ ತಾಳಿಕೊಳ್ಳುತ್ತವೆ. ತಾಳಲಾರದ ದಿನ ನೆಲ ನಡುಗುತ್ತದೆ. 1975ರ ಜನವರಿ 19ರ ಕಿನ್ನೌರ್ ಭೂಕಂಪದಲ್ಲಿ ತಾಬೋ, ಕೀ ಎರಡೂ ವಿಹಾರಗಳು ಪೆಟ್ಟು ತಿಂದವು. ಮಳೆಯಿಂದ ಉಳಿಸಿದ ಬೆಟ್ಟವೇ ಹೀಗೆ ಒದರಿ ಕೆಡಹುತ್ತದೆ.

ಡಿಕ್ಕಿಗೆ ಮೊದಲು ಎರಡು ಭೂಖಂಡಗಳ ನಡುವೆ ಟೆಥಿಸ್ ಎಂಬ ಕಡಲಿತ್ತು. ಅದರ ತಳದ ಕೆಸರು ಈಗ ಸ್ಪಿತಿಯ ನೆತ್ತಿಯಲ್ಲಿದೆ. ಲಾಂಗ್ಜಾ ಎಂಬ ಹಳ್ಳಿಯ ಸುತ್ತ, 4,400 ಮೀಟರ್ ಎತ್ತರದಲ್ಲಿ, ಸುರುಳಿ ಚಿಪ್ಪಿನ ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳು ಕಪ್ಪು ಕಲ್ಲಿನೊಳಗೆ ಸಿಗುತ್ತವೆ. ಸುಮಾರು 15 ಕೋಟಿ ವರ್ಷ ಹಳೆಯವು. ಇದನ್ನು ಕಾಣಲು ಬೀರೂರಿನವರು ನೂರಾರು ಹರದಾರಿ ಹೋಗಬೇಕಾಗಿಲ್ಲ: ದೇವರ ಕೋಣೆಯಲ್ಲಿ ಚಕ್ರದ ಗುರುತಿರುವ ಸಾಲಿಗ್ರಾಮ ಇದ್ದರೆ ಸಾಕು. ನೇಪಾಳದ ಗಂಡಕಿ ನದಿಯಿಂದ ಬಂದ ಆ ಕಲ್ಲಿನೊಳಗೆ ಇರುವುದೂ ಟೆಥಿಸ್ ಕಡಲಿನ ಅಮೋನೈಟೇ. ಲಾಂಗ್ಜಾದಲ್ಲಿ ಮಕ್ಕಳು ಅವನ್ನು ಮಾರಲು ತಂದರೆ ಕೊಳ್ಳಬೇಡಿ. ಕೊಳ್ಳುವವರು ಇದ್ದಷ್ಟು ದಿನ ಬೆಟ್ಟ ಅಗೆಯುವವರೂ ಇರುತ್ತಾರೆ.

ಮಳೆ ಕೊಡದ ಬೆಟ್ಟ ನೀರನ್ನಾದರೂ ಕೊಡುತ್ತದೆ. ಚಂದ್ರದ್ರೋಣದ ಮೂಡಣ ಬುಡದಲ್ಲಿ, ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಎಮ್ಮೆದೊಡ್ಡಿಯ ಬಳಿ ಮದಗದ ಕೆರೆ. ಬೆಟ್ಟದ ಮೇಲೆ ಸುರಿದದ್ದು ಹಳ್ಳವಾಗಿ ಇಳಿದು ಬಯಲು ಸೇರುವ ಬಾಯಲ್ಲೇ ಅಡ್ಡಗಟ್ಟಿದ್ದಾರೆ. ಅಯ್ಯನಕೆರೆಯನ್ನು ಹೊಯ್ಸಳರ ಕಾಲದಲ್ಲಿ, 1156ರಲ್ಲಿ ಜೀರ್ಣೋದ್ಧಾರ ಮಾಡಿದರು. ತನ್ನ ಮೇಲೆ ಮಳೆ ಬೀಳದಿದ್ದರೂ ಗಿರಿಯ ಮೇಲೆ ಬಿದ್ದರೆ ಕೆರೆ ಕೋಡಿ ಬೀಳುತ್ತದೆ. ತೂಬಿನಿಂದ ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ವೇದಾ, ಅವತಿ ಎಂಬ ಎರಡು ಹೊಳೆಗಳು ಈ ಕಡೆಯಿಂದ ಹೊರಟು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಸ್ಪಿತಿಯವರ ಕೆರೆ ಮೇಲಿನ ಹಿಮನದಿ. ಅದರ ಬಾಯಿಂದ ‘ಕುಲ್’ ಎಂಬ ಕಾಲುವೆಗಳನ್ನು ಬೆಟ್ಟದ ಮಗ್ಗುಲಲ್ಲಿ ಕೊರೆದು ತಂದು, ಊರ ಮೇಲಿನ ಹೊಂಡದಲ್ಲಿ ರಾತ್ರಿಯೆಲ್ಲ ತುಂಬಿಸಿ, ಬೆಳಗ್ಗೆ ಸರದಿಯ ಪ್ರಕಾರ ಬಾರ್ಲಿ, ಬಟಾಣಿಗೆ ಬಿಡುತ್ತಾರೆ. ಹಿಮ ಕಡಿಮೆಯಾದ ವರ್ಷ ಸರದಿಗಾಗಿ ಜಗಳ. ನಮ್ಮಲ್ಲೂ ಹೊಸದೇನಲ್ಲ.

ಸ್ಪಿತಿಗೆ ಹೋಗುವವರಿಗೆ ಒಂದು ಮಾತು. ಬೀರೂರಿನಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಶೇಕಡಾ 91ರಷ್ಟು, ಕೀ ಗೊಂಪಾದಲ್ಲಿ 60ರಷ್ಟು. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ದೇಹ ಹೊಂದಿಕೊಳ್ಳುತ್ತದೆ, ಆದರೆ ಹೊತ್ತು ಬೇಕು. ಮನಾಲಿಯಿಂದ 4,500 ಮೀಟರಿಗೂ ಮೇಲಿರುವ ಕುಂಜುಮ್ ದಾರಿಯನ್ನು ಒಂದೇ ದಿನ ದಾಟುವುದಕ್ಕಿಂತ ಶಿಮ್ಲಾ, ಕಿನ್ನೌರ್ ದಾರಿಯಲ್ಲಿ ತಂಗುತ್ತ ತಂಗುತ್ತ ಹೋಗುವುದು ಮೇಲು. ತಲೆನೋವು, ವಾಕರಿಕೆ ಶುರುವಾದರೆ ಮತ್ತೆ ಹತ್ತಬಾರದು, ಹೆಚ್ಚಾದರೆ ಇಳಿಯಬೇಕು. ಗಟ್ಟಿಮುಟ್ಟಾದ ಹುಡುಗರಿಗೆ ಇದು ಬರುವುದಿಲ್ಲ ಎನ್ನುವುದು ಸುಳ್ಳು.

ಮನಾಲಿಯ ದಾರಿಯನ್ನು ವಾಪಸು ಬರುವಾಗ ಹಿಡಿಯಬಹುದು. ಆಗ ರೋಹ್ತಂಗ್ ಬೆಟ್ಟದಡಿಯ ಅಟಲ್ ಸುರಂಗ ಸಿಗುತ್ತದೆ, 9 ಕಿಲೋಮೀಟರ್ ಉದ್ದ, 2020ರ ಅಕ್ಟೋಬರಿನಲ್ಲಿ ತೆರೆದದ್ದು. ಬಡಗಣ ಬಾಯಿ ಹೊಗುವಾಗ ಲಾಹೌಲಿನ ಬೋಳು ಬೆಟ್ಟ, ತೆಂಕಣ ಬಾಯಿಂದ ಹೊರಬಿದ್ದಾಗ ದೇವದಾರು, ಹಸಿರು ಹುಲ್ಲುಗಾವಲು. ಎರಡೂ ಬಾಯಿಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ನಡುವೆ ಬದಲಾಗುವುದು ಮಳೆ ಮಾತ್ರ. ಮಳೆನೆರಳನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನಮ್ಮಲ್ಲೂ ಅಂಥ ಸುರಂಗ ಒಂದಿದೆ, ಬೀರೂರಿಗೆ ಹತ್ತಿರದ ಅಜ್ಜಂಪುರದಲ್ಲಿ. ಸುಮಾರು ಏಳು ಕಿಲೋಮೀಟರ್ ಉದ್ದ. ಅದರಲ್ಲಿ ಹೋಗುವುದು ಕಾರಲ್ಲ, ಭದ್ರೆಯ ನೀರು. ಮಲೆನಾಡಿನಲ್ಲಿ ಬಿದ್ದ ಮಳೆಯನ್ನು ಪಂಪುಗಳಿಂದ ಎತ್ತಿ, ನೆಲದಡಿಯಲ್ಲಿ ಹಾಯಿಸಿ ವೇದಾವತಿಯ ಕಡೆಗೆ, ಚಿತ್ರದುರ್ಗ ಜಿಲ್ಲೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ಭಾಗ ಅದು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಅದರಲ್ಲಿ ಆ ವರ್ಷದ ಜೋರು ಮಳೆಯೂ ಇತ್ತು, ಹಿಂದಿನ ವರ್ಷಗಳಲ್ಲಿ ಈ ಸುರಂಗ ದಾಟಿ ಬಂದ ನೀರೂ ಇತ್ತು.