ಜಾಲಕ್ಕೆ ಯಾವ ತಂತ್ರಾಂಶ: ಮುಕ್ತವೋ, ಸ್ವಾಮ್ಯದ್ದೋ?

ಕಲ್ಯಾಣಪುರದಂಥ ಊರಿನ ಕಾಲೇಜೊಂದರಲ್ಲಿ 40 ಗಣಕಗಳ ಪ್ರಯೋಗಾಲಯವಿದೆ ಎಂದಿಟ್ಟುಕೊಳ್ಳೋಣ. ಅವು ಅಂತರಜಾಲವನ್ನು ತಲುಪಬೇಕಾದರೆ ತೆರೆಮರೆಯಲ್ಲಿ ಹಲವು ಸೇವೆಗಳು ನಡೆಯುತ್ತಿರಬೇಕು. ಪ್ರತಿ ಗಣಕಕ್ಕೂ ವಿಳಾಸ ಹಂಚುವುದು ಡಿಎಚ್‌ಸಿಪಿ. ಜಾಲತಾಣದ ಹೆಸರಿಗೆ ಸರಿಯಾದ ಸಂಖ್ಯಾ ವಿಳಾಸವನ್ನು ಹುಡುಕಿಕೊಡುವುದು ಡಿಎನ್‌ಎಸ್. ಬೇಡದ ಸಂಪರ್ಕವನ್ನು ತಡೆಯುವುದು ಫೈರ್‌ವಾಲ್. ಇವುಗಳ ಜೊತೆಗೆ ಕಡತಗಳನ್ನಿಡಲು ಒಂದು ಸರ್ವರ್. ಇವನ್ನೆಲ್ಲ ನಡೆಸುವ ತಂತ್ರಾಂಶ ಯಾವುದಿರಬೇಕು?

ಮುಕ್ತ ತಂತ್ರಾಂಶದ ಆಕರ ಸಂಕೇತವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಸ್ವಾಮ್ಯದ ತಂತ್ರಾಂಶದಲ್ಲಿ ಬಳಕೆದಾರನಿಗೆ ಸಿಗುವುದು ಪರವಾನಗಿ ಮಾತ್ರ. ಉದಾಹರಣೆಗೆ ವಿಂಡೋಸ್ ಸರ್ವರ್ ಕೊಂಡರೆ, ಅದನ್ನು ಬಳಸುವ ಪ್ರತಿ ಗಣಕಕ್ಕೆ ಅಥವಾ ಪ್ರತಿ ಬಳಕೆದಾರನಿಗೆ ಸಾಮಾನ್ಯವಾಗಿ ಬೇರೆಯೇ ಪರವಾನಗಿ ಬೇಕು. ಲಿನಕ್ಸ್‌ನಲ್ಲಿ ಡಿಎನ್‌ಎಸ್‌ಗೆ ಬೈಂಡ್, ಕಡತ ಹಂಚಿಕೆಗೆ ಸಾಂಬಾ ಬಳಸಿದರೆ ಈ ಲೆಕ್ಕವಿಲ್ಲ. ಆದರೆ ಅವನ್ನು ಹೊಂದಿಸಬಲ್ಲ ವ್ಯಕ್ತಿ ಬೇಕು. ಸಣ್ಣ ಊರುಗಳಲ್ಲಿ ಆ ವ್ಯಕ್ತಿ ಒಬ್ಬ ಅಧ್ಯಾಪಕರಾಗಿರುತ್ತಾರೆ. ಅವರಿಗೆ ವರ್ಗವಾದರೆ ಜಾಲದ ಜ್ಞಾನವೂ ಅವರೊಂದಿಗೇ ಹೊರಟುಹೋಗುತ್ತದೆ!

ಆಕರ ತೆರೆದಿದ್ದರೆ ದೋಷ ಬೇಗ ಸಿಗುತ್ತದೆ ಎಂಬುದು ಅರ್ಧ ಸತ್ಯ. ಗೂಢಲಿಪೀಕರಣಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿದ್ದ 'ಹಾರ್ಟ್‌ಬ್ಲೀಡ್' ದೋಷ 2012ರ ಆವೃತ್ತಿಯಲ್ಲಿ ನುಸುಳಿ, ಬೆಳಕಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಓದಬಹುದಾಗಿತ್ತು, ಯಾರೂ ಗಮನವಿಟ್ಟು ಓದಿರಲಿಲ್ಲ.

ನಿಜವಾದ ವ್ಯತ್ಯಾಸ ತಿಳಿಯುವುದು ತಯಾರಕರು ಬೆಂಬಲ ನಿಲ್ಲಿಸಿದಾಗ. ವಿಂಡೋಸ್ ಸರ್ವರ್ 2012ರ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಭದ್ರತಾ ತಿದ್ದುಪಡಿಗಳಿಗೆ ಹಣ ತೆರಬೇಕು, ಇಲ್ಲವೇ ಹೊಸ ಆವೃತ್ತಿಗೆ ಏರಬೇಕು. ಮುಕ್ತ ಪಾಳಯದಲ್ಲೂ ಇಂಥದ್ದು ನಡೆದಿದೆ. ಸರ್ವರ್‌ಗಳಲ್ಲಿ ಜನಪ್ರಿಯವಾಗಿದ್ದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲ ನಿರೀಕ್ಷಿತವಾಗಿತ್ತು. 2021ರ ಕೊನೆಗೇ ನಿಲ್ಲಿಸುವುದಾಗಿ ರೆಡ್ ಹ್ಯಾಟ್ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆಕರ ಸಂಕೇತ ಲಭ್ಯವಿದ್ದುದರಿಂದ 2021ರಲ್ಲೇ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಹುಟ್ಟಿಕೊಂಡವು. ಹಳೆಯ ಹೊಂದಿಕೆಗಳನ್ನು ಹೆಚ್ಚು ಬದಲಿಸದೆ ಅವುಗಳಿಗೆ ದಾಟಲು ಸಾಧ್ಯವಾಯಿತು.

ನಮ್ಮ ಕರಾವಳಿಯಲ್ಲೇ ದಕ್ಷಿಣಕ್ಕಿರುವ ಕಾಸರಗೋಡಿನಲ್ಲಿ ಇದಕ್ಕೆ ಹತ್ತಿರದ ಒಂದು ಅನುಭವವಿದೆ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ, ಮುಂದೆ 'ಕೈಟ್' ಸಂಸ್ಥೆಯಾದ ಐಟಿ@ಸ್ಕೂಲ್ ಯೋಜನೆ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಇದು ಸರ್ವರ್‌ಗಳಿಗಿಂತ ಮೇಜಿನ ಗಣಕಗಳ ಮಾತು, ನಿಜ. ಆದರೆ ಎಲ್ಲ ಶಾಲೆಗೂ ಒಂದೇ ಲಿನಕ್ಸ್ ಆವೃತ್ತಿ, ಅದರ ಜೊತೆಗೆ ಶಿಕ್ಷಕರಿಗೆ ತರಬೇತಿ ಎಂಬ ಏರ್ಪಾಡು ಜಾಲಕ್ಕೂ ಬೇಕಾದದ್ದೇ.

ನಮ್ಮ ಕಾಲ್ಪನಿಕ ಕಾಲೇಜಿಗೆ ಮರಳಿದರೆ, ವಿಳಾಸ ಹಂಚಿಕೆ, ಡಿಎನ್‌ಎಸ್, ಫೈರ್‌ವಾಲ್‌ಗಳಿಗೆ ಮುಕ್ತ ತಂತ್ರಾಂಶ ಸಾಕು. ಕಚೇರಿಯ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುವುದಾದರೆ ಆ ಒಂದು ಗಣಕ ಹಾಗೆಯೇ ಇರಲಿ. ಸ್ವಿಚ್ಚು ಯಾವ ಕಂಪನಿಯದಾದರೂ ಸರಿ, ಜಾಲವನ್ನು ವಿಭಾಗಿಸುವಾಗ 802.1ಕ್ಯು ಎಂಬ ಮುಕ್ತ ಮಾನಕವನ್ನೇ ಬಳಸಬೇಕು. ಆಗ ಮುಂದೆ ಬೇರೆ ಕಂಪನಿಯ ಸ್ವಿಚ್ಚನ್ನೂ ಜೋಡಿಸಬಹುದು. ಎಲ್ಲ ಹೊಂದಿಕೆಗಳ ಪ್ರತಿಯೊಂದನ್ನು, ಏಕೆ ಹಾಗೆ ಮಾಡಿದೆ ಎಂಬ ಟಿಪ್ಪಣಿಯೊಂದಿಗೆ, ಸರ್ವರ್‌ನ ಹೊರಗೆ ಇಡಬೇಕು.