ನಗರದ ರೈತರ ದಂಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಇವು ಮಳೆಯನ್ನೇ ನಂಬಿದ ಬಯಲುಸೀಮೆ. ಕೆರೆ ತುಂಬಿದ ವರ್ಷ ಅನ್ನ, ತುಂಬದ ವರ್ಷ ಸಾಲ ಎಂಬುದು ಇಲ್ಲಿನ ರೈತನ ಹಳೆಯ ಲೆಕ್ಕಾಚಾರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನವು ಫೌಜುದಾರಿಗಳೆಂಬ ಭಾಗಗಳಾಗಿ ಹಂಚಿಹೋಗಿದ್ದಿತು. ಮಧುಗಿರಿಯೂ ಅಂಥದೊಂದು ಫೌಜುದಾರಿ. ಮಲೆನಾಡಿನ ನಗರ ಇನ್ನೊಂದು. ಬೆಂಕಿ ಹೊತ್ತಿದ್ದು ನಗರದಲ್ಲಿ. ಆದರೆ ಅದರ ಪರಿಣಾಮವನ್ನು ಇಡೀ ಸಂಸ್ಥಾನವೇ ಅನುಭವಿಸಿತು.

ಆಗ ಕಂದಾಯ ವಸೂಲಿಗೆ ‘ಶರತ್ತು’ ಎಂಬ ಪದ್ಧತಿಯಿದ್ದಿತು. ಇಷ್ಟು ಹಣವನ್ನು ಖಜಾನೆಗೆ ತುಂಬುತ್ತೇನೆಂದು ಅಮಲ್ದಾರನು ಮುಂಚಿತವಾಗಿಯೇ ಕರಾರು ಬರೆದುಕೊಡಬೇಕು. ಕಡಮೆಯಾದರೆ ತಾನೇ ಹೊಣೆ. ಹೀಗಾದ ಮೇಲೆ ಅವನ ಕಣ್ಣು ಬೆಳೆಯ ಮೇಲಿರಲು ಸಾಧ್ಯವೇ? ಅದು ಕರಾರಿನ ಮೇಲೆಯೇ ಇರುತ್ತಿದ್ದಿತು. ದವಸದ ಬೆಲೆ ಕುಸಿದಾಗಲೂ ಕಂದಾಯ ಇಳಿಯಲಿಲ್ಲ. ರೈತನು ಸಾಹುಕಾರನ ಮನೆಯ ಬಾಗಿಲಿಗೆ ಹೋದನು. ಅತ್ತ ಅರಮನೆಯೂ ಸಾಲದಲ್ಲಿ ಮುಳುಗಿದ್ದಿತು. 1799ರ ಒಪ್ಪಂದದಂತೆ ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಇಂಗ್ಲಿಷರಿಗೆ ಸಲ್ಲಿಸಬೇಕಾಗಿದ್ದಿತು.

1830ರಲ್ಲಿ ನಗರದ ರೈತರು ಕೂಟಗಳನ್ನು ಸೇರಿಸಿ, ಕಂದಾಯ ಕೊಡುವುದಿಲ್ಲವೆಂದು ನಿರ್ಧರಿಸಿದರು. ಕೆಳದಿ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಅವರೊಡನೆ ಸೇರಿಕೊಂಡರು. ಇವರ ಉದ್ದೇಶ ಬೇರೆ, ರೈತರ ಸಂಕಟ ಬೇರೆ ಎಂಬುದನ್ನು ನಾವು ಮರೆಯಬಾರದು. ಇಂಗ್ಲಿಷರ ಸೈನ್ಯದ ನೆರವಿನಿಂದ 1831ರ ಜೂನ್ ತಿಂಗಳಲ್ಲಿ ನಗರದ ಕೋಟೆ ಅರಸರ ಕೈಗೆ ಮರಳಿತು. ಅಷ್ಟರಲ್ಲಿ ರಾಜ್ಯವೇ ಅವರ ಕೈತಪ್ಪುವ ಕಾಲ ಬಂದಿದ್ದಿತು. ಆಡಳಿತ ಕೆಟ್ಟಿದೆಯೆಂಬ ಕಾರಣ ಕೊಟ್ಟು ಗವರ್ನರ್ ಜನರಲ್ ಬೆಂಟಿಂಕನು ಅದೇ ವರ್ಷದ ಅಕ್ಟೋಬರಿನಲ್ಲಿ ಸಂಸ್ಥಾನವನ್ನು ಕಮಿಷನರುಗಳ ವಶಕ್ಕೆ ಒಪ್ಪಿಸಿದನು.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1786ರಲ್ಲಿ ಸಾಲ ಮತ್ತು ತೆರಿಗೆಗಳಿಂದ ನೊಂದ ರೈತರು ಡೇನಿಯಲ್ ಷೇಸ್ ಮೊದಲಾದವರ ಮುಂದಾಳುತನದಲ್ಲಿ ದಂಗೆಯೆದ್ದು ನ್ಯಾಯಾಲಯಗಳನ್ನು ಮುಚ್ಚಿಸಿದ್ದರು. ಆ ಭಯವೂ ಸೇರಿ 1787ರಲ್ಲಿ ಅಲ್ಲಿನ ಮುಖಂಡರು ಫಿಲಡೆಲ್ಫಿಯದಲ್ಲಿ ಕುಳಿತು ಹೊಸ ಸಂವಿಧಾನವನ್ನು ರಚಿಸಿದರು. ಅಲ್ಲಿ ದಂಗೆಯಿಂದ ಸ್ವಂತ ಸರ್ಕಾರಕ್ಕೆ ಬಲ ಬಂದಿತು; ಇಲ್ಲಿ ಇದ್ದ ಅರಸೊತ್ತಿಗೆಯೂ ಪರರ ಪಾಲಾಯಿತು. ಕಾರಣ ಒಂದೇ ಬಗೆಯದಾದರೂ ಫಲ ಒಂದೇ ಆಗಲಿಲ್ಲ. ಇಲ್ಲಿ ಮೂರನೆಯವನೊಬ್ಬನು ಬಾಗಿಲಲ್ಲೇ ನಿಂತಿದ್ದನಲ್ಲವೇ!

ಆದರೆ ರೈತರ ಕೂಗು ವ್ಯರ್ಥವಾಯಿತೆನ್ನಲಾಗದು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಕಂದಾಯವನ್ನು ಕಂತುಗಳಲ್ಲಿ ಕಟ್ಟಲು ಅನುಕೂಲವಾಯಿತು. 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಆ ತೆರಿಗೆಗಳ ಪಟ್ಟಿಯನ್ನು ನೋಡಿದರೆ ನಗುವೂ ಬರುತ್ತದೆ, ಮರುಕವೂ ಹುಟ್ಟುತ್ತದೆ. ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ! ಒಂದು ಹಳ್ಳಿಯವರಂತೂ, ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ತಪ್ಪಿಗಾಗಿ ತಲೆಮಾರುಗಳಿಂದ ಹಣ ತೆರುತ್ತಿದ್ದರು.

ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಮರುವರ್ಷ ಬೆಂಟಿಂಕನೇ ಸಂಸ್ಥಾನದ ಹೆಚ್ಚಿನ ಭಾಗವನ್ನು ಅರಸರಿಗೆ ಹಿಂದಿರುಗಿಸಬೇಕೆಂದು ಸೂಚಿಸಿದನು. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಮುಮ್ಮಡಿಯವರು ರಾಜ್ಯಕ್ಕಾಗಿ ಕೇಳುತ್ತಲೇ 1868ರಲ್ಲಿ ತೀರಿಕೊಂಡರು. ಅವರ ದತ್ತುಪುತ್ರ ಚಾಮರಾಜ ಒಡೆಯರಿಗೆ 1881ರ ಮಾರ್ಚ್ 25ರಂದು ರಾಜ್ಯ ಮರಳಿ ಬಂದಿತು. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕುಗಳಿಂದ ಬಂದ ಭೂಹಿಡುವಳಿದಾರರೂ ವರ್ತಕರೂ ಸೇರಿ 144 ಮಂದಿ, ಆಡಳಿತದ ಆಯವ್ಯಯವನ್ನು ದಿವಾನರ ಬಾಯಿಂದಲೇ ಕೇಳಿದರು.