ಪುಟ ಒಂದೇ, ನೋಟ ಬೇರೆ ಯಾಕ?

ಗೆಳೆಯರೇ, ಶಹಾಪುರದ ಬೆಟ್ಟ ನೀವೆಲ್ಲಾ ನೋಡೀರಿ. ಒಂದು ಕಡೆ ನಿಂತು ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಬೇರೆ ಕಡೆಯಿಂದ ನೋಡಿದರೆ ಬರೀ ಕಲ್ಲುಗುಡ್ಡ. ಬೆಟ್ಟಕ್ಕೆ ಇದು ಚಂದ, ವೆಬ್‌ಸೈಟಿಗೆ ಮಾತ್ರ ನಡೆಯೂದಿಲ್ಲ. ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ ಎಲ್ಲ ಈಗ ವೆಬ್‌ಸೈಟಿನಲ್ಲಿ ಸಿಗುತ್ತವೆ. ಯಾದಗಿರಿಯ ಕಂಪ್ಯೂಟರ್ ಅಂಗಡಿಯಲ್ಲಿ ಸರಿಯಾಗಿ ಕಾಣುವ ಪುಟ, ಸುರಪುರ ಕಡೆಯ ಹಳ್ಳಿಯ ಒಂದು ಹಳೇ ಫೋನಿನಲ್ಲಿ ಕನ್ನಡದ ಬದಲು ಚೌಕ ಡಬ್ಬಿ ತೋರಿಸಿದರೆ? ಅಥವಾ ‘ಸಲ್ಲಿಸಿ’ ಅನ್ನುವ ಗುಂಡಿಯೇ ಪರದೆಯ ಆಚೆ ಹೋದರೆ? ಕಡೇ ದಿನ ಅರ್ಜಿ ತುಂಬುವ ಹುಡುಗಿ ಏನು ಮಾಡಬೇಕು? ಹೀಗೆ ಯಾಕೆ ಆಗುತ್ತದೆ, ತಿಳಿಯೋಣ ಬರ್ರಿ.

ಬ್ರೌಸರ್ ಅಂದ್ರೆ ಏನು?

ನಮ್ಮ ಗೋಡೆ ಪತ್ರಿಕೆಯನ್ನು ಒಬ್ಬರು ಬರೆಯುತ್ತಾರೆ, ಎಲ್ಲರೂ ಅದೇ ಹಾಳೆ ನೋಡುತ್ತೇವೆ. ವೆಬ್ ಪುಟ ಹಾಗಲ್ಲ. ಅದು ಉಕ್ತಲೇಖನ ಇದ್ದ ಹಾಗೆ. ಗುರುಗಳು ಒಮ್ಮೆ ಹೇಳುತ್ತಾರೆ, ನಾವು ನಮ್ಮ ನಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ. ಮಾತು ಒಂದೇ, ಬರಹ ಬೇರೆ ಬೇರೆ.

ಪುಟ ಮಾಡುವವರು ಚಿತ್ರ ಕಳಿಸುವುದಿಲ್ಲ, ಸೂಚನೆ ಕಳಿಸುತ್ತಾರೆ. “ಇದು ತಲೆಬರಹ, ಇದು ಪ್ಯಾರಾ” ಎಂದು ಹೇಳುವ ಭಾಷೆ ಎಚ್‌ಟಿಎಂಎಲ್. ಬಣ್ಣ, ಅಳತೆ, ಅಂತರ ಹೇಳುವುದು ಸಿಎಸ್‌ಎಸ್. ಆ ಸೂಚನೆ ಓದಿ ಪರದೆಯ ಮೇಲೆ ಪುಟ ಬರೆಯುವ ತಂತ್ರಾಂಶವೇ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಇವೆಲ್ಲಾ ಬ್ರೌಸರುಗಳು. ಬರೆಯುವ ಕೈ ಬೇರೆಯಾದ್ದರಿಂದ ನೋಟವೂ ಬೇರೆಯಾಗುತ್ತದೆ.

ಬದು ಸೇರಿಸಿಯೋ, ಬಿಟ್ಟೋ?

1994ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಬಂತು. 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಂತು. ಎರಡಕ್ಕೂ ಭಾರೀ ಪೈಪೋಟಿ. ಒಬ್ಬೊಬ್ಬರು ಒಂದೊಂದು ಪದ್ಧತಿ ಹಾಕಿದರು. “ಈ ಪುಟವನ್ನು ಇಂಥ ಬ್ರೌಸರಿನಲ್ಲೇ ನೋಡಿರಿ” ಎಂದು ಎಷ್ಟೋ ವೆಬ್‌ಸೈಟುಗಳು ಬರೆದುಕೊಂಡವು.

ಒಂದು ಲೆಕ್ಕ ನೋಡಿರಿ. ಹೊಲ ಅಳೆಯುವಾಗ ಬದು ಸೇರಿಸಿ ಅಳೆದರೆ ಒಂದು ಲೆಕ್ಕ, ಬಿಟ್ಟು ಅಳೆದರೆ ಇನ್ನೊಂದು ಲೆಕ್ಕ. ಪುಟದಲ್ಲಿ 300 ಅಗಲದ ಪೆಟ್ಟಿಗೆ, ಒಳಗೆ ಎಡಬಲಕ್ಕೆ 20, 20 ಅಂತರ ಎಂದು ಬರೆದಿದ್ದೇವೆ ಅನ್ನಿ. 1996ರ ಸಿಎಸ್‌ಎಸ್ ನಿಯಮದ ಪ್ರಕಾರ ಅಂತರ ಬೇರೆ, ಒಟ್ಟು 340. ಹಳೇ ಎಕ್ಸ್‌ಪ್ಲೋರರ್ 5 ಅಂತರವನ್ನು ಒಳಗೇ ಸೇರಿಸಿ 300 ಅಂತ ಹಿಡಿಯುತ್ತಿತ್ತು. ಅಂಥ ಎರಡು ಪೆಟ್ಟಿಗೆ ಪಕ್ಕಪಕ್ಕ ಇಟ್ಟರೆ ಒಂದರಲ್ಲಿ 680, ಇನ್ನೊಂದರಲ್ಲಿ 600. ಜಾಗ 600 ಮಾತ್ರ ಇದ್ದರೆ ಎರಡನೇ ಪೆಟ್ಟಿಗೆ ಕೆಳಗೆ ಬೀಳುತ್ತದೆ. ಪುಟವೆಲ್ಲ ಕಲಸುಮೇಲೋಗರ!

ಈ ಜಗಳ ಬಿಡಿಸಲು ಎಲ್ಲರಿಗೂ ಒಂದೇ ನಿಯಮ ಬೇಕಾಯಿತು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರು ಅದಕ್ಕೂ ಮೊದಲೇ, 1994ರಲ್ಲಿ, ಡಬ್ಲ್ಯೂ3ಸಿ ಎಂಬ ಸಂಸ್ಥೆ ಕಟ್ಟಿದ್ದರು. ಬ್ರೌಸರುಗಳು ಅದರ ನಿಯಮಕ್ಕೆ ಬರಲು ಮಾತ್ರ ವರ್ಷಗಳೇ ಹಿಡಿದವು.

ನಮ್ಮ ಅಕ್ಷರದ ಪಾಡು

ಕನ್ನಡಕ್ಕೆ ಇನ್ನೊಂದು ತೊಂದರೆ ಇತ್ತು. ಮೊದಮೊದಲ ಕನ್ನಡ ವೆಬ್‌ಸೈಟುಗಳಲ್ಲಿ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಮೇಲೆ ಕನ್ನಡ ಫಾಂಟಿನ ವೇಷ. ದೊಡ್ಡಾಟದಲ್ಲಿ ವೇಷ ಕಳಚಿದರೆ ರಾಜ ಹೋಗಿ ನಮ್ಮೂರಿನವನೇ ಕಾಣುತ್ತಾನಲ್ಲ, ಹಂಗ! ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದವು. ಪುಟದ ಜೊತೆಗೇ ಫಾಂಟ್ ಕಳಿಸುವ ಉಪಾಯ 1997ರಲ್ಲಿ ಬಂತು. ಆದರೆ ಎಕ್ಸ್‌ಪ್ಲೋರರಿಗೆ ಒಂದು ನಮೂನೆ, ನೆಟ್‌ಸ್ಕೇಪಿಗೆ ಇನ್ನೊಂದು ನಮೂನೆ. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಕಸ.

ಇದಕ್ಕೆ ಪರಿಹಾರ ಯುನಿಕೋಡ್. 1991ರಲ್ಲೇ ಅದರಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆ ಸಿಕ್ಕಿತು. ವೇಷ ಬೇಕಿಲ್ಲ, ‘ಕ’ ಎಲ್ಲಿ ಹೋದರೂ ‘ಕ’. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ‘ತುಂಗಾ’ ಎಂಬ ಕನ್ನಡ ಫಾಂಟ್ ಅದರ ಜೊತೆಗೇ ಬಂತು.

ಆದರೂ ಒಂದು ಕೆಲಸ ಉಳಿಯುತ್ತದೆ. ‘ಬುದ್ಧ’ ನಮಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಐದು: ಬ, ಉಕಾರದ ಗುರುತು, ದ, ಹಲಂತದ ಗುರುತು, ಧ. ಇವನ್ನು ಕೂಡಿಸಿ ಒತ್ತು ಕೆಳಗೆ ಇಡುವ ಕೆಲಸ ನೋಡುವವರ ಫೋನಿನಲ್ಲಿ ನಡೆಯಬೇಕು. ಆ ಸೌಲಭ್ಯ ಇಲ್ಲದಿದ್ದರೆ ಒತ್ತು ಬಿಡಿಬಿಡಿ ಆಗುತ್ತದೆ. ಫಾಂಟೇ ಇಲ್ಲದಿದ್ದರೆ ಡಬ್ಬಿ.

ಪುಟ ಮಾಡುವವರು ಏನು ಮಾಡಬೇಕು?

1. ಮೊದಲ ಸಾಲಿನಲ್ಲಿ ‘ಡಾಕ್‌ಟೈಪ್’ ಬರೆಯಬೇಕು. ಇಲ್ಲದಿದ್ದರೆ ಈಗಿನ ಬ್ರೌಸರುಗಳೂ ಕೆಲವು ವಿಷಯದಲ್ಲಿ ಹಳೇ ಪದ್ಧತಿ ಹಿಡಿಯುತ್ತವೆ.
2. ಕನ್ನಡವನ್ನು ಯುನಿಕೋಡಿನಲ್ಲೇ ಬರೆದು, ಪುಟ ‘ಯುಟಿಎಫ್-8’ ಎಂದು ತಿಳಿಸಬೇಕು.
3. ಕನ್ನಡ ಫಾಂಟನ್ನು ಪುಟದ ಜೊತೆ ಕಳಿಸಬೇಕು. ಈಗ ಎಲ್ಲ ಬ್ರೌಸರಿಗೂ ಒಪ್ಪುವ ‘ವಾಫ್’ ಎಂಬ ನಮೂನೆ ಇದೆ.
4. ಅಗಲವನ್ನು ಕಟ್ಟುನಿಟ್ಟಾಗಿ ಕೊಡದೆ, ಪರದೆಯ ನೂರರಲ್ಲಿ ಇಷ್ಟು ಪಾಲು ಎಂದು ಕೊಡಬೇಕು. ಆಗ ಸಣ್ಣ ಫೋನಿನಲ್ಲೂ ಗುಂಡಿ ಆಚೆ ಹೋಗೂದಿಲ್ಲ.
5. ಕ್ರೋಮಿನಲ್ಲಿ ಮಾತ್ರ ನೋಡಿ ಕೈಬಿಡಬಾರದು. 2020ರಿಂದ ಎಡ್ಜ್ ಬ್ರೌಸರಿನ ಒಳಗೂ ಕ್ರೋಮಿನ ಇಂಜಿನ್ನೇ ಇದೆ. ಅವೆರಡರಲ್ಲಿ ನೋಡಿದರೆ ಒಬ್ಬನನ್ನೇ ಎರಡು ಸಲ ಕೇಳಿದ ಹಾಗೆ. ಫೈರ್‌ಫಾಕ್ಸಿನಲ್ಲೂ ನೋಡಬೇಕು, ಒಂದು ಹಳೇ ಫೋನಿನಲ್ಲೂ ನೋಡಬೇಕು.

ಎಲ್ಲಾ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು ಅಂತಲ್ಲ. ಉಕ್ತಲೇಖನದಲ್ಲಿ ಅಕ್ಷರ ದುಂಡಗೆ ಇಲ್ಲದಿದ್ದರೂ ಗುರುಗಳು ಅಂಕ ಕೊಡುತ್ತಾರೆ, ಮಾತು ಬಿಟ್ಟುಹೋದರೆ ಕೊಡುವುದಿಲ್ಲ. ಹಾಗೆಯೇ ಬಣ್ಣ ತುಸು ಹೆಚ್ಚುಕಡಿಮೆ ಆದರೂ ನಡೆದೀತು, ಓದುವ ಮಾತು ಮತ್ತು ಒತ್ತುವ ಗುಂಡಿ ಎಲ್ಲರಿಗೂ ಸಿಗಲೇಬೇಕು.

ನಿಮಗೊಂದು ಪ್ರಶ್ನೆ: ‘ಬುದ್ಧ’ ಪದಕ್ಕೆ ಐದು ಸಂಖ್ಯೆ ಆದರೆ, ‘ಸುರಪುರ’ಕ್ಕೆ ಎಷ್ಟು? ‘ಯಾದಗಿರಿ’ಗೆ ಎಷ್ಟು? ನಿಮ್ಮ ಹೆಸರಿಗೆ ಎಷ್ಟು?
(ಉತ್ತರ: ಸುರಪುರ 6, ಯಾದಗಿರಿ 7. ನಿಮ್ಮ ಹೆಸರಿನದು ನೀವೇ ಎಣಿಸಿರಿ.)